ಫ್ರ್ಯಾಂಕ್‌ನ ಕಲ್ಲಿಗೊಂದು ಪೋರ್ಚುಗೀಸ್ ಮಾತು

ವಿದನ್‌ಶಾ

ಓದು ಮುಗಿದಾಗಿನಿಂದ ನಿವೃತ್ತಿಯವರೆಗೆ ಮೈಸೂರಿನ ಒಂದು ನಿಘಂಟು ಕಚೇರಿಯಲ್ಲಿ ಕೂತು ಕನ್ನಡದ ಪದಗಳಿಗೆ ಅರ್ಥ ಬರೆದವಳು ನಾನು. ಅಂಥವಳ ಎದುರಿಗೆ ಕೂತು ಯಾರಾದರೂ, “ಇದು ನಮ್ಮ ಭಾಷೇಲಿ ಮಾತ್ರ ಇರೋ ಪದ. ನಿಮ್ಮದರಲ್ಲಿ ಇರೋಕೆ ಸಾಧ್ಯವೇ ಇಲ್ಲ” ಎಂದರೆ ಹೇಗಾಗಬೇಡ? ಮೈಯೆಲ್ಲ ಉರಿದುಹೋಯಿತು. ಆದರೆ ಅವಳ ಮನೆಯಲ್ಲೇ ಕೂತು, ಅವಳು ಕೊಟ್ಟ ಕಾಫಿಯನ್ನೇ ಕುಡಿಯುತ್ತಿದ್ದೆ. ಎದ್ದು ಬರುವ ಹಾಗಿರಲಿಲ್ಲ. ಕಾಫಿಯೂ ಚೆನ್ನಾಗಿತ್ತು.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಮ್ಯಾಂಚೆಸ್ಟರ್‌ನಲ್ಲಿರುವ ನನ್ನ ತಂಗಿ ವಿಮಲನ ಮನೆಗೆ ಬಂದಿದ್ದೆ. ಊರಿನ ದಕ್ಷಿಣಕ್ಕೆ ವಿದನ್‌ಶಾ ಎಂಬ ಕಡೆ ದೊಡ್ಡ ಆಸ್ಪತ್ರೆಯಿದೆ. ಅಲ್ಲಿನ ಲ್ಯಾಬಿನಲ್ಲಿ ಅವಳು ಮುಖ್ಯಸ್ಥೆ. ಬಿಳಿಯರ ರಕ್ತವನ್ನೆಲ್ಲ ನನ್ನ ತಂಗಿಯ ಕೈಕೆಳಗಿನವರು ಪರೀಕ್ಷೆ ಮಾಡುತ್ತಾರೆ ಎಂದು ವಿಮಾನದಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅವಳಿಗೆ ನನ್ನ ಮೇಲೆ ಒಂದೇ ದೂರು. ಮನೆಗೆ ಕಾಲಿಟ್ಟ ದಿನವೇ ಅದನ್ನು ತೆಗೆದಳು.

“ಇಷ್ಟು ವರ್ಷದಲ್ಲಿ ನೀನಾಗಿ ನೀನೇ ಒಂದು ದಿನ ನಂಗೆ ಫೋನ್ ಮಾಡಿದ್ಯಾ ಅಕ್ಕ? ಯಾವಾಗ್ಲೂ ನಾನೇ ಮಾಡ್ಬೇಕು.”

“ನೀನು ಹೇಗೂ ಮಾಡ್ತೀಯಲ್ಲ ಕಣೆ. ಇಬ್ಬರೂ ಮಾಡಿದ್ರೆ ಲೈನ್ ಎಂಗೇಜ್ ಬರತ್ತೆ” ಎಂದೆ. ಅವಳು ನಕ್ಕು ನನ್ನ ಪೆಟ್ಟಿಗೆಯನ್ನು ಒಳಗೆ ಎಳೆದುಕೊಂಡು ಹೋದಳು. ನಾನು ಗೆದ್ದೆ ಎಂದುಕೊಂಡೆ.

ಆ ಊರಿನ ಮಾತಿನ ರೀತಿಗೆ ಒಗ್ಗಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು. ಬಸ್ಸು ಹತ್ತಿದರೆ ಡ್ರೈವರ್, “ಆಲ್‌ರೈಟ್, ಲವ್?” ಎಂದ. ನನ್ನ ವಯಸ್ಸೇನು, ಅವನ ವಯಸ್ಸೇನು! ಆದರೂ ಕೇಳಿದವನಿಗೆ ಉತ್ತರ ಕೊಡಬೇಕಲ್ಲ ಎಂದು ಎಡ ಮಂಡಿಯ ನೋವು, ಚಳಿಗೆ ಅದು ಹೆಚ್ಚಾಗಿರುವುದು, ಡಾಕ್ಟರು ಕೊಟ್ಟ ಮುಲಾಮು ಎಲ್ಲವನ್ನೂ ವಿವರವಾಗಿ ಹೇಳಿದೆ. ಹಿಂದೆ ಕ್ಯೂ ಬೆಳೆಯಿತು. ಒಬ್ಬರೂ ಗೊಣಗಲಿಲ್ಲ. ವಿಮಲ ಮಾತ್ರ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೂರಿಸಿದಳು. ಅದು ಪ್ರಶ್ನೆಯಲ್ಲವಂತೆ, ನಮಸ್ಕಾರವಂತೆ. ನಮ್ಮಲ್ಲಿ “ಊಟ ಆಯ್ತಾ?” ಎಂದು ಕೇಳಿದವರು ಅನ್ನ ಬಡಿಸಲು ಬರುವುದಿಲ್ಲವಲ್ಲ, ಹಾಗೆ. ನನಗೆ ಇದು ಹೊಳೆಯದೆ ಹೋದದ್ದೇ ಆಶ್ಚರ್ಯ. ನಮ್ಮ ಕಚೇರಿಯ ಮೊದಲ ಪಾಠವೇ ಅದಾಗಿತ್ತು. ಹೊಸದಾಗಿ ಸೇರಿದವರಿಗೆ ನಮ್ಮ ಪ್ರಧಾನ ಸಂಪಾದಕರು ಹೇಳುತ್ತಿದ್ದರು: “ಅರ್ಥ ಏನು ಅಂತ ಯಾರನ್ನೂ ಕೇಳಬೇಡಿ, ಸುಳ್ಳು ಹೇಳ್ತಾರೆ. ಯಾರು, ಯಾರಿಗೆ, ಯಾವಾಗ ಅಂದರು ಅಂತ ಕೇಳಿ.” ಹಾಗೆ ಆಡಿದ ಒಂದು ವಾಕ್ಯ, ಅಂದರೆ ಪ್ರಯೋಗ, ಸಿಗದ ಹೊರತು ಯಾವ ಅರ್ಥಕ್ಕೂ ನಮ್ಮ ನಿಘಂಟಿನಲ್ಲಿ ಜಾಗವಿರಲಿಲ್ಲ.

ಕಾಫಿ ಕೊಟ್ಟವಳು ಲೂರ್ದೆಸ್. ವಿಮಲನ ಪಕ್ಕದ ಮನೆಯವಳು, ಒಂದೇ ಗೋಡೆ. ಪೋರ್ಚುಗಲ್‌ನ ಒಂದು ಹಳ್ಳಿಯಿಂದ ಹುಡುಗಿಯಾಗಿದ್ದಾಗ ಬಂದು ಆಸ್ಪತ್ರೆಯ ಅಡುಗೆಮನೆಗೆ ಸೇರಿದವಳು. ದಿನಾ ಹತ್ತುತ್ತಿದ್ದ ಬಸ್ಸಿನ ಡ್ರೈವರ್ ಫ್ರ್ಯಾಂಕ್‌ನನ್ನೇ ಮದುವೆಯಾದಳು. ಮಕ್ಕಳಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಫ್ರ್ಯಾಂಕ್ ತೀರಿಕೊಂಡಿದ್ದ. ಅವನ ಅಪ್ಪ ಅಮ್ಮನನ್ನು ಮಣ್ಣು ಮಾಡಿದ ಜಾಗದಲ್ಲೇ ಅವನನ್ನೂ ಇಟ್ಟರು. ಮಣ್ಣು ಕುಳಿತ ಮೇಲೆ ಕಲ್ಲು ನಿಲ್ಲಿಸುವುದು ಅಲ್ಲಿನ ಪದ್ಧತಿ. ಆ ಕಲ್ಲಿನ ಮೇಲೆ ಅವನ ಹೆಸರಿನ ಕೆಳಗೆ ಒಂದೇ ಒಂದು ಪೋರ್ಚುಗೀಸ್ ಪದ ಕೆತ್ತಿಸಬೇಕು ಎಂದು ಲೂರ್ದೆಸ್‌ಳ ಆಸೆ.

“ಸೌದಾದ್” ಎಂದಳು, ಎದೆಯ ಮೇಲೆ ಕೈಯಿಟ್ಟು. “ನಮ್ಮೂರಲ್ಲಿ ಈ ಮಾತಿಲ್ಲದ ಸಮಾಧಿಯೇ ಇಲ್ಲ. ಮಾತಿಲ್ಲ ಅಂದ್ರೆ ಹಿಂದೆ ಯಾರೂ ಇಲ್ಲದವನು ಅಂತ. ನನ್ನ ಫ್ರ್ಯಾಂಕ್ ಹಾಗೆ ಮಲಗಬೇಕಾ?”

ತೊಡಕು ಎರಡಿತ್ತು. ಬೇರೆ ಭಾಷೆಯ ಮಾತಿದ್ದರೆ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಬೇಕು ಎಂದು ಸ್ಮಶಾನದ ಕಚೇರಿಯವರ ನಿಯಮ. ಎರಡನೆಯದು ಫ್ರ್ಯಾಂಕ್‌ನ ಅಕ್ಕ ಜೀನ್. ತಾಯಿ ತಂದೆಯ ಜಾಗ ಅವಳ ಹೆಸರಿನಲ್ಲಿದೆ, ಅವಳು ಒಪ್ಪದೆ ಕಲ್ಲಿನ ಮೇಲೆ ಒಂದು ಅಕ್ಷರವೂ ಬೀಳದು. ಲೀಡ್ಸ್‌ನಲ್ಲಿರುವ ಜೀನ್ ಯಾವುದೋ ಪುಸ್ತಕ ತೆಗೆದು ನೋಡಿ, “ಊರು ಬಿಟ್ಟವರ ಕೊರಗು ಅಂತ ಬರೆದಿದೆ. ನನ್ನ ತಮ್ಮ ಊರು ಬಿಟ್ಟಿದ್ದು ಯಾವಾಗ? ಸುಳ್ಳು ಕೆತ್ತಿಸೋಕೆ ನಾನು ಬಿಡಲ್ಲ” ಎಂದು ಫೋನಿಟ್ಟಿದ್ದಳಂತೆ.

ಸತ್ತವರ ಬೂದಿಯನ್ನು ಕಾವೇರಿಗೆ ಬಿಟ್ಟು ಬರುವವಳು ನಾನು, ಇವರ ಕಲ್ಲಿನ ಜಗಳ ನನಗೇಕೆ? ಆದರೆ ಕನ್ನಡದ ಅತಿ ಹಳೆಯ ಮಾತುಗಳು ನಮ್ಮ ಕಚೇರಿಗೆ ಸಿಕ್ಕಿದ್ದು ಕಲ್ಲಿನ ಮೇಲೆಯೇ. ಶಾಸನ, ವೀರಗಲ್ಲು, ಮಾಸ್ತಿಗಲ್ಲು ಇವುಗಳ ಅಕ್ಷರ ಓದಿಯೇ ಅನ್ನ ತಿಂದವಳು. ಕಲ್ಲಿನ ಮೇಲೆ ಬಿದ್ದ ಮಾತು ತಿದ್ದಲಾಗದ ಮಾತು. ಅದು ತಪ್ಪಬಾರದು, ಬೀಳದೆಯೂ ಹೋಗಬಾರದು.

“ಒಂದು ವಾರ ಟೈಮ್ ಕೊಡು. ನಮ್ಮ ಕನ್ನಡದಲ್ಲಿ ಇದಕ್ಕೆ ಸಮನಾದ ಪದ ಹುಡುಕ್ತೀನಿ, ಅದರಿಂದ ಇಂಗ್ಲಿಷಿಗೂ ದಾರಿ ಆಗತ್ತೆ” ಎಂದೆ.

“ಇರಲ್ಲ” ಎಂದಳು ಲೂರ್ದೆಸ್, ಸಮಾಧಾನವಾಗಿ.

ಬರ್ಮಿಂಗ್‌ಹ್ಯಾಮ್

ಆ ವಾರದ ಕೊನೆಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಕನ್ನಡಿಗರ ಯುಗಾದಿ. ಒಂದು ಸ್ಕೂಲಿನ ಹಾಲ್ ಹಿಡಿದಿದ್ದರು. ನಿಘಂಟಿನವರು ಬಂದಿದ್ದಾರೆ ಎಂದು ನನ್ನನ್ನು ನಾಲ್ಕು ಮಾತಾಡಲು ವೇದಿಕೆಗೆ ಕರೆದರು. ನಾನು ಭಾಷಣ ಬಿಟ್ಟು ಸಭೆಯ ಮುಂದೆ ಪ್ರಶ್ನೆ ಇಟ್ಟೆ. ಕಳೆದುಹೋದದ್ದರ ನೆನಪು ನೋಯಿಸುತ್ತದೆ, ಹಿತವೂ ಆಗುತ್ತದೆ, ಬಿಡಲು ಮನಸ್ಸಿಲ್ಲ. ಇದಕ್ಕೆ ಕನ್ನಡದಲ್ಲಿ ಒಂದು ಪದ ಕೊಡಿ.

ಹಾಲ್ ಸಂತೆಯಾಯಿತು. ಬೆಂಗಳೂರಿನ ಎಂಜಿನಿಯರ್ ಒಬ್ಬರು, “ಸಿಂಪಲ್ ಮೇಡಂ, ನೆನಪು” ಎಂದರು. “ಟ್ಯಾಕ್ಸ್ ಕಟ್ಟೋದನ್ನೂ ನೆನಪು ಅಂತೀವಲ್ರೀ” ಎಂದು ಹಿಂದಿನಿಂದ ಯಾರೋ ಕೂಗಿದರು. ಮಂಗಳೂರಿನ ಎಂ.ಎಸ್ಸಿ. ಓದುವ ಹುಡುಗಿ, “ಅಗಲಿಕೆ ಅಂತ ಹೇಳ್ಬಹುದಲ್ವಾ ಮೇಡಂ?” ಎಂದಳು. ವಿರಹ ಎಂದರು, ಗಂಡ ಹೆಂಡಿರಿಗೆ ಮಾತ್ರವಾಯಿತು. ಹಂಬಲ ಎಂದರು, ಅದು ಮುಂದಿನದನ್ನೂ ಬಯಸುತ್ತದೆ. ಕೊರಗು ಎಂದರು, ಅದರಲ್ಲಿ ಹಿತವಿಲ್ಲ. ಧಾರವಾಡದ ಹಿರಿಯ ಹೆಂಗಸೊಬ್ಬರು, ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಡಾಕ್ಟರ್ ಆಗಿರುವವರು, ಎದ್ದು ನಿಂತು ಹೇಳಿದರು: “ಒಂದ ಶಬ್ದ ಯಾಕ ಬೇಕ್ರೀ ನಿಮಗ? ನಾವು ‘ಜೀವ ಎಲ್ಲಾ ಅಲ್ಲೇ ಅದ’ ಅಂತೀವಿ. ಅದರಾಗ ಎಲ್ಲಾ ಬಂತು.”

ಚಪ್ಪಾಳೆ ಬಿತ್ತು. ನನಗೂ ಹೆಮ್ಮೆಯಾಯಿತು. ಆದರೆ ಅದು ವಾಕ್ಯ, ಪದವಲ್ಲ. ಅಷ್ಟರಲ್ಲಿ ಒಬ್ಬಟ್ಟು ಬಂತು. ಬಸ್ ಸ್ಟಾಪಿನಲ್ಲಿ ಇಂಗ್ಲಿಷರಿಗಿಂತ ನೆಟ್ಟಗೆ ಕ್ಯೂ ನಿಲ್ಲುವ ನಮ್ಮ ಜನ ಒಬ್ಬಟ್ಟಿನ ಮುಂದೆ ಅಪ್ಪಟ ಕನ್ನಡಿಗರಾಗಿಬಿಟ್ಟರು. ಪದದ ವಿಚಾರ ಅಲ್ಲಿಗೆ ನಿಂತಿತು.

ಅಂದು ರಾತ್ರಿ ಬರ್ಮಿಂಗ್‌ಹ್ಯಾಮ್‌ನಲ್ಲೇ ಉಳಿದು, ಮಾರನೆಯ ದಿನ ಅಲ್ಲಿನ ದೊಡ್ಡ ಲೈಬ್ರರಿಗೆ ಹೋದೆ. ದಪ್ಪ ದಪ್ಪ ಕೋಶಗಳನ್ನು ಕಂಡು ತವರಿಗೆ ಬಂದ ಹಾಗಾಯಿತು. ಪದದ ಜಾತಕ ಅಲ್ಲಿ ಸಿಕ್ಕಿತು. ಮೂಲ ಲ್ಯಾಟಿನ್, ಒಂಟಿತನ ಎಂಬ ಮಾತು. ಹಳೆಯ ಪೋರ್ಚುಗೀಸಿನಲ್ಲಿ ಅದು ಸೊಯ್ದಾದೆ, ಸುಯ್ದಾದೆ ಎಂದೆಲ್ಲ ಸವೆಯಿತು. ಆಮೇಲೆ ‘ವಂದನೆ ಹೇಳು’, ‘ಆರೋಗ್ಯ’ ಎಂಬ ಅರ್ಥದ ನೆರೆಹೊರೆಯ ಪದಗಳ ಸಹವಾಸಕ್ಕೆ ಬಿದ್ದು ಈಗಿನ ರೂಪಕ್ಕೆ ತಿರುಗಿರಬೇಕು ಎನ್ನುತ್ತಾರೆ ಬಲ್ಲವರು. ಅರಬ್ಬಿಯಿಂದ ಬಂತು ಎನ್ನುವವರೂ ಇದ್ದಾರೆ, ಆದರೆ ಅದನ್ನು ಒಪ್ಪುವವರು ಕಡಿಮೆ. ಒಂದು ಬಗೆಯ ನೇರಳೆ ಹೂವಿಗೂ ಅದೇ ಹೆಸರಂತೆ, ಸಮಾಧಿಗಳ ಮೇಲೆ ಇಡುತ್ತಾರಂತೆ. ಲೂರ್ದೆಸ್ ತನ್ನ ಕಿಟಕಿಯ ಕುಂಡದಲ್ಲಿ ಏನನ್ನೋ ಬಿತ್ತಿ, ದಿನಾ ಇಣುಕಿ ನೋಡುತ್ತಿದ್ದುದು ನೆನಪಾಯಿತು.

ಒಂಟಿತನವೂ ವಂದನೆಯೂ ಸೇರಿ ಒಂದು ಪದ! ಎಷ್ಟು ಒಳ್ಳೆಯ ಕೆಲಸ ಮಾಡಿದ್ದಾರೆ ಎಂದು ಹೊಟ್ಟೆಕಿಚ್ಚಾಯಿತು. ಚಾವಿ, ಅಲಮಾರು, ಇಸ್ತ್ರಿ, ಬಟಾಟೆ ಎಲ್ಲವನ್ನೂ ನಮ್ಮ ದಡಕ್ಕೆ ಇಳಿಸಿ ಹೋದ ಪೋರ್ಚುಗೀಸರು ಇದೊಂದನ್ನು ಮಾತ್ರ ಹಡಗಿನಲ್ಲೇ ಇಟ್ಟುಕೊಂಡು ಹೋದರು. ವಿದನ್‌ಶಾಗೆ ವಾಪಸು ಬಂದು ಲೂರ್ದೆಸ್ ಎದುರು ಸೋಲು ಒಪ್ಪಿಕೊಂಡೆ. ಅವಳು ಹಿಗ್ಗಿದಳು. ಮರುಕ್ಷಣವೇ ಮುಖ ಬಾಡಿತು.

“ನೀವು ಒಪ್ಪಿ ಏನು ಬಂತು? ಜೀನ್ ಒಪ್ಪಬೇಕಲ್ಲ.”

“ನಡಿ, ಲೀಡ್ಸ್‌ಗೆ ಹೋಗೋಣ. ಫೋನಲ್ಲಿ ಮಾತಾಡಿದ್ರೆ ಫೋನಿಡ್ತಾಳೆ. ಮನೆಗೆ ಹೋದ್ರೆ ಏನು ಮಾಡ್ತಾಳೆ ನೋಡೋಣ” ಎಂದೆ.

ಲೀಡ್ಸ್

ವಿಮಲನ ಡ್ಯೂಟಿ ಪಟ್ಟಿಯಲ್ಲಿ ಅಂದು ರಜೆಯಿರಲಿಲ್ಲ. ಪುಳಿಯೋಗರೆ ಕಟ್ಟಿಕೊಟ್ಟು ನಮ್ಮಿಬ್ಬರನ್ನು ರೈಲು ಹತ್ತಿಸಿದಳು. ಜೀನ್ “ಟೀಗೆ ಬನ್ನಿ” ಎಂದಿದ್ದಳು. ಟೀ ತಾನೆ, ಹೆಚ್ಚೆಂದರೆ ಎರಡು ಬಿಸ್ಕತ್ತು ಎಂದುಕೊಂಡು ನಾನು ರೈಲಿನಲ್ಲಿ ಡಬ್ಬಿ ಬರಿದು ಮಾಡಿದೆ. ಲೂರ್ದೆಸ್ ಏನೋ ಹೇಳಲು ಬಂದು, ಕಿಟಕಿಯಾಚೆಯ ಬೋಳು ಗುಡ್ಡಗಳನ್ನು ನೋಡುತ್ತ ಕೂತಳು. ಅವಳಿಗೆ ಭಯವಿತ್ತು. ಕೈಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದಳು.

ಜೀನ್‌ಳದು ಇಟ್ಟಿಗೆಯ ಸಾಲುಮನೆ. ಬಾಗಿಲ ಮೆಟ್ಟಿಲನ್ನು ಉಜ್ಜಿ ಉಜ್ಜಿ ತೊಳೆದಿದ್ದಳು, ರಂಗೋಲಿಯೊಂದು ಬಾಕಿ. ಎಂಬತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು. ನಮ್ಮೂರಿನವಳಾಗಿದ್ದರೆ ಬೀದಿಯವರೆಲ್ಲ ಹೆದರುತ್ತಿದ್ದರು. ಮೇಜಿನ ಮೇಲೆ ಮೈದಾ ಹಿಟ್ಟಿನೊಳಗೆ ಚೀಸ್ ಮತ್ತು ಈರುಳ್ಳಿ ತುಂಬಿ ಬೇಯಿಸಿದ ದೊಡ್ಡ ಪೈ, ಬಟಾಟೆ, ಬಟಾಣಿ, ಬೀಟ್‌ರೂಟ್, ಬ್ರೆಡ್ಡು, ಕೇಕು. ಅಲ್ಲಿ ಟೀ ಅಂದರೆ ಸಂಜೆಯ ಊಟ! “ಮಾಂಸ ತಿನ್ನಲ್ಲ ಅಂತ ಇವಳು ಹೇಳಿದ್ಲು, ಅದಕ್ಕೆ ಬೇರೇನೇ ಮಾಡಿದೀನಿ” ಎಂದು ನನ್ನ ತಟ್ಟೆಗೆ ಕಾಲು ಪೈ ಹಾಕಿದಳು. ಜೀನ್‌ಳ ಮಾತನ್ನೆಲ್ಲ ನನ್ನ ಮೈಸೂರು ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ, ಅವಳ ಗದರಿಕೆಯನ್ನು ಓದುವವರೇ ಸೇರಿಸಿಕೊಳ್ಳಬೇಕು. ಪುಳಿಯೋಗರೆಯ ಮೇಲೆ ಪೈ ಇಳಿಯಿತು. ಅತಿಥಿಯಾಗಿ ಹೋದ ಮೇಲೆ ಹೊಟ್ಟೆ ನಮ್ಮದಲ್ಲ.

ಊಟವಾದ ಮೇಲೆ ಲೂರ್ದೆಸ್ ಮಾತು ತೆಗೆದಳು. ಜೀನ್ ಕೈಯೆತ್ತಿ ತಡೆದಳು.

“ಹೇಳಿದೀನಲ್ಲ. ನಾನು ಇಲ್ಲಿನವನ ಕೈಹಿಡಿದು ಈ ಲೀಡ್ಸ್‌ಗೆ ಬಂದು ಬಿದ್ದೆ. ಊರು ಬಿಟ್ಟವಳು ನಾನು. ಕೊರಗೋದಿದ್ರೆ ನಾನು ಕೊರಗಬೇಕು. ಫ್ರ್ಯಾಂಕ್ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿ ಮ್ಯಾಂಚೆಸ್ಟರ್‌ನಲ್ಲೇ ಸತ್ತ. ಮತ್ತೆ, ಆ ಮಾತು ನಂಗೇನು ಗೊತ್ತಿಲ್ದೆ ಇರೋದಲ್ಲ. ಪ್ರತಿ ಭಾನುವಾರ ನಂಗೆ ಫೋನ್ ಮಾಡಿ, ಇಡೋವಾಗ ಅದನ್ನೇ ಅಂತಿದ್ದ. ನಿಮ್ಮ ಕಡೆ ಟಾಟಾ ಅದು. ನಮ್ಮ ಅಪ್ಪ ಅಮ್ಮ ಮಲಗಿರೋ ಜಾಗದಲ್ಲಿ ಟಾಟಾ ಅಂತ ಕೆತ್ತಿಸ್ಲಾ?”

ಲೂರ್ದೆಸ್ ಬೆಚ್ಚಿ ನೋಡಿದಳು. “ಫ್ರ್ಯಾಂಕ್ ಅಂತಿದ್ನಾ? ನಿಮ್ಮ ಹತ್ರ?”

“ನೀನು ಚರ್ಚಿಗೆ ಹೋಗಿರ್ತಿದ್ದೆ. ಆಗಲೇ ಅವನು ಮಾಡ್ತಿದ್ದದ್ದು.”

ನನ್ನ ಕಿವಿ ನೆಟ್ಟಗಾಯಿತು. ಇಷ್ಟು ದಿನ ಲೈಬ್ರರಿ, ವೇದಿಕೆ ಎಂದು ಅಲೆದವಳಿಗೆ ಪ್ರಯೋಗ ಇಲ್ಲಿ, ಕೇಕಿನ ತಟ್ಟೆಯ ಪಕ್ಕದಲ್ಲಿ ಸಿಕ್ಕಿತ್ತು. ನಿವೃತ್ತಿಯಾದರೇನು, ನಾನು ಕಚೇರಿಯ ಕುರ್ಚಿಯಲ್ಲೇ ಕೂತ ಹಾಗೆ ನೆಟ್ಟಗೆ ಕೂತೆ.

“ಫೋನ್ ಇಡೋವಾಗ ಸರಿಯಾಗಿ ಏನಂತಿದ್ರು? ಅವರ ಮಾತಲ್ಲೇ ಹೇಳಿ” ಎಂದೆ.

“ಸೌದಾದೆಶ್, ಅವರ್ ಕಿಡ್.” ಮ್ಯಾಂಚೆಸ್ಟರ್‌ನಲ್ಲಿ ಒಡಹುಟ್ಟಿದವರನ್ನು ‘ಅವರ್ ಕಿಡ್’, ಅಂದರೆ ‘ನಮ್ಮ ಮಗು’ ಎಂದೇ ಕರೆಯುವುದು, ಅವರಿಗೆ ಎಂಬತ್ತಾಗಿದ್ದರೂ ಸರಿ.

“ನಮ್ಮಲ್ಲಿ ಕಾಗದದ ಕೊನೆಗೆ ಸೌದಾದನ್ನ ಬಹುವಚನ ಮಾಡಿ ಹಾಗೇ ಬರೆಯೋದು” ಎಂದಳು ಲೂರ್ದೆಸ್, ಮೆಲ್ಲಗೆ. “ನಮ್ಮಮ್ಮ ನಂಗೆ ಬರೀತಿದ್ರು. ನಾನು ಫ್ರ್ಯಾಂಕ್‌ಗೆ ಓದಿ ಹೇಳ್ತಿದ್ದೆ.”

“ನೋಡಿದ್ರಾ? ಟಾಟಾನೇ” ಎಂದಳು ಜೀನ್.

“ಇರಿ. ಬಸ್ಸಿಂದ ಇಳಿಯೋರಿಗೆ ಏನಂತಿದ್ರು?”

“ಟಾಟಾ ಅಂತ.”

“ಬಸ್ ಡಿಪೋದಲ್ಲಿ ಸ್ನೇಹಿತರಿಗೆ?”

“ಅವರಿಗೂ ಅದೇ. ಏನು ನಿಮ್ಮ ಪ್ರಶ್ನೆ?”

“ಕ್ರಿಸ್‌ಮಸ್‌ಗೆ ನೀವು ಮ್ಯಾಂಚೆಸ್ಟರ್‌ಗೆ ಹೋದಾಗ, ಸ್ಟೇಷನ್ನಿಗೆ ಬಂದು ಬೀಳ್ಕೊಡ್ತಿದ್ದಿರಬೇಕಲ್ಲ, ಎದುರಿಗೆ ನಿಂತು. ಆಗ?”

ಜೀನ್ ಸ್ವಲ್ಪ ಯೋಚಿಸಿದಳು. “ಆಗ... ಟಾಟಾ ಅಂತಿದ್ದ.”

“ಎರಡೂ ಒಂದೇ ಆಗಿದ್ರೆ ಎಲ್ಲ ಕಡೇನೂ ಒಂದನ್ನೇ ಅನ್ನಬೇಕಿತ್ತಲ್ವಾ? ಇಷ್ಟು ಜನರಿಗೆ ಇಂಗ್ಲಿಷ್, ನಿಮ್ಮೊಬ್ಬರಿಗೆ ಫೋನಿನಲ್ಲಿ ಮಾತ್ರ ಪೋರ್ಚುಗೀಸ್. ಯಾಕೆ?”

ಅವಳು ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಾನು ಲೂರ್ದೆಸ್ ಕಡೆ ತಿರುಗಿ, “ನಿಂಗೆ ಅಂದಿದ್ರಾ?” ಎಂದು ಕೇಳಿದೆ.

ಅವಳ ಕಣ್ಣು ತುಂಬಿತ್ತು. “ಇಲ್ಲ. ನನ್ನ ಭಾಷೆಯ ಮಾತು ನಂಗೇ ಅನ್ನಲಿಲ್ಲ. ಟಾಟಾ ಅಂತಿದ್ದ.” ಆಮೇಲೆ ತಟ್ಟನೆ ತಲೆಯೆತ್ತಿದಳು. “ಇಲ್ಲ, ಒಂದೇ ಸಲ ಅಂದಿದ್ದ. ನಮ್ಮಮ್ಮ ಸತ್ತಾಗ ನಾನು ಊರಿಗೆ ಹೋಗಿದ್ದೆ. ಆಗ, ಫೋನಿನಲ್ಲಿ.”

ಅಷ್ಟು ಸಾಕಾಗಿತ್ತು. ಎದುರಿಗೆ ಇರುವವರಿಗೆ ಒಂದು ಮಾತು, ಇಲ್ಲದವರಿಗೆ ಇನ್ನೊಂದು. ಹೆಂಡತಿ ಮನೆಯಲ್ಲೇ ಇದ್ದಳು, ಅವಳಿಗೆ ಅದು ಬೇಕಾಗಿರಲಿಲ್ಲ. ಗುಡ್ಡ ದಾಟಿ ಹೋದ ಅಕ್ಕನಿಗೆ ವಾರವಾರವೂ ಬೇಕಾಗಿತ್ತು. ಬರ್ಮಿಂಗ್‌ಹ್ಯಾಮ್‌ನ ಕೋಶಗಳಲ್ಲಿ ನಾನು ಓದಿಕೊಂಡು ಬಂದಿದ್ದ ಒಂಟಿತನ ಮತ್ತು ವಂದನೆ ಎರಡನ್ನೂ ಕೂಡಿಸಿ, ಒಂದು ಕಡೆಯೂ ತಪ್ಪದೆ ಆಡಿದ್ದ ಆ ಬಸ್ ಡ್ರೈವರ್. ನಾನು ಇದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಊರು ಬಿಟ್ಟವನ ಕೊರಗು ಅಂತ ಪುಸ್ತಕ ಹೇಳಬಹುದು, ಆದರೆ ಫ್ರ್ಯಾಂಕ್ ಅದನ್ನು ಊರು ಬಿಟ್ಟವಳಿಗೆ ಹೇಳುತ್ತಿದ್ದ. ನಮ್ಮ ಕಚೇರಿಯಲ್ಲಾದರೆ ಪುಸ್ತಕವನ್ನು ಬದಿಗಿಟ್ಟು ಫ್ರ್ಯಾಂಕ್‌ನ ಮಾತನ್ನು ತೆಗೆದುಕೊಳ್ಳುತ್ತಿದ್ದೆವು ಎಂದೆ.

ಜೀನ್ ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಕೆಟಲ್ ಹಿಡಿದು ಬಂದವಳ ಮೂಗು ಕೆಂಪಾಗಿತ್ತು.

“ಪ್ರತಿ ಸಲ, ‘ಸಾಕು ಬಿಡೋ ಪೆದ್ದ, ಬಿಲ್ ಬರತ್ತೆ’ ಅಂದು ಇಟ್ಟುಬಿಡ್ತಿದ್ದೆ” ಎಂದಳು. ಮೂವರಿಗೂ ಟೀ ಸುರಿದು, ತನ್ನ ಲೋಟವನ್ನು ಮುಟ್ಟದೆ ನನ್ನನ್ನೇ ನೋಡಿದಳು. “ಅಂದ್ರೆ ಅವನು ಅದನ್ನ ಸರಿಯಾಗಿ ಆಡ್ತಿದ್ನಾ? ತಪ್ಪಿಲ್ಲದೆ?”

“ನಿಘಂಟಿನವರಿಗಿಂತ ಸರಿಯಾಗಿ” ಎಂದೆ. ಅದು ಉಪಚಾರದ ಮಾತಾಗಿರಲಿಲ್ಲ.

ಜೀನ್‌ಳ ಕತ್ತು ಒಂದಿಂಚು ಮೇಲೆದ್ದಿತು. “ಸ್ಕೂಲು ಅರ್ಧಕ್ಕೇ ಬಿಟ್ಟವನು ನಮ್ಮ ಫ್ರ್ಯಾಂಕ್” ಎಂದಳು ಲೂರ್ದೆಸ್‌ಗೆ, ಅವಳಿಗೆ ಗೊತ್ತೇ ಇಲ್ಲವೆಂಬಂತೆ. “ಎರಡು ಭಾಷೆ ಆಡ್ತಿದ್ದ ನೋಡು. ಈ ಬೀದಿಯಲ್ಲಿ ಒಬ್ಬರ ಕೈಲಿ ಆಗತ್ತಾ?” ಲೂರ್ದೆಸ್ ಅಳುತ್ತಲೇ ನಕ್ಕಳು.

ಸ್ಮಶಾನದ ಕಚೇರಿಗೆ ಕೊಡಬೇಕಾದ ಇಂಗ್ಲಿಷ್ ಅರ್ಥವನ್ನು ನಾನು ಹೇಳಲು ಹೋದೆ. ಜೀನ್ ಬಿಡಲಿಲ್ಲ. ನನ್ನ ತಮ್ಮನ ಮಾತು, ಅರ್ಥ ನಾನು ಹೇಳ್ತೀನಿ ಎಂದು ತಾನೇ ಹೇಳಿ ಬರೆಸಿದಳು: “ಬಳಿಯಲ್ಲಿ ಇಲ್ಲದವರಿಗೆ, ಅವರು ನಮ್ಮವರಾಗಿದ್ದರೆ, ಹೇಳುವ ಮಾತು.” ಇಷ್ಟು ವರ್ಷ ಅರ್ಥ ಬರೆದ ನಾನು ಅದರಲ್ಲಿ ಒಂದು ಅಕ್ಷರವನ್ನೂ ತಿದ್ದಲಿಲ್ಲ. ನಾವು ಹೊರಟಾಗ ಜೀನ್ ಬಾಗಿಲವರೆಗೆ ಬಂದು ಲೂರ್ದೆಸ್‌ಳ ಕೋಟಿನ ಗುಂಡಿ ಹಾಕಿದಳು. ಉಳಿದ ಪೈಯನ್ನೂ ಕಟ್ಟಿಕೊಟ್ಟಳು. ಅದನ್ನು ವಿಮಲ ತಿಂದಳು, ನನ್ನ ಕೈಲಾಗಲಿಲ್ಲ.

ಮೈಸೂರು

ಕಲ್ಲು ನಿಲ್ಲುವ ಹೊತ್ತಿಗೆ ನಾನು ಊರಿಗೆ ಬಂದು ಬಹಳ ದಿನವಾಗಿತ್ತು. ಒಂದು ಭಾನುವಾರ ಸಂಜೆ ದೀಪ ಹಚ್ಚಿ ಕೂತಿದ್ದೆ, ಫೋನ್ ಬಂತು. ವಿಮಲ ಇರಬೇಕು ಎಂದುಕೊಂಡು ಎತ್ತಿದರೆ ಜೀನ್. ನಂಬರನ್ನು ವಿಮಲನಿಂದ ಇಸಕೊಂಡಳಂತೆ.

“ಕಲ್ಲು ನಿಲ್ಲಿಸಿದ್ರು. ನೆಟ್ಟಗಿದೆ. ಅಕ್ಷರ ಚೆನ್ನಾಗಿ ಬಿದ್ದಿದೆ. ಲೂರ್ದೆಸ್ ಹೂ ತಂದಿದ್ಲು, ಅವಳ ಕುಂಡದ್ದು, ನೇರಳೆ ಬಣ್ಣದ್ದು” ಎಂದಳು. ಫೋನಿನಲ್ಲೂ ಗದರಿದ ಹಾಗೇ ಮಾತು. “ಪಕ್ಕದ ಸಮಾಧಿಗೆ ಬಂದಿದ್ದ ಒಬ್ಬ ಗಂಡಸು ನಿಂತು ನೋಡಿದ. ಇಂಗ್ಲಿಷರವನ ಕಲ್ಲಿನ ಮೇಲೆ ಇದೇನಮ್ಮ ಮಾತು, ಏನು ಅರ್ಥ ಅಂತ ಕೇಳಿದ.”

“ನೀವು ಬರೆಸಿದ್ದನ್ನು ಹೇಳಿದ್ರಾ?”

“ಇಲ್ಲ. ನಿಂಗೆ ಅಕ್ಕ ತಂಗಿ ಇದಾರಾ ಅಂತ ಕೇಳ್ದೆ. ದೂರದಲ್ಲಿ ಒಬ್ಬಳಿದಾಳೆ ಅಂದ. ಹಾಗಾದ್ರೆ ಮನೆಗೆ ಹೋಗಿ ಅವಳಿಗೆ ಫೋನ್ ಮಾಡು, ಅರ್ಥ ಗೊತ್ತಾಗತ್ತೆ ಅಂದೆ.”

ಅವಳು ಫೋನಿಟ್ಟ ಮೇಲೂ ನಾನು ರಿಸೀವರ್ ಕೆಳಗಿಡಲಿಲ್ಲ. ಡೈರಿ ತೆಗೆದು, ಕನ್ನಡಕ ಹಾಕಿಕೊಂಡು, ವಿಮಲನ ನಂಬರಿನ ಅಂಕಿಗಳನ್ನು ಒಂದೊಂದಾಗಿ ಒತ್ತಿದೆ.

“ಹಲೋ” ಎಂದ ಅವಳ ದನಿ, ನನ್ನ ದನಿ ಕೇಳಿದ್ದೇ ಗಾಬರಿಯಾಯಿತು. “ಅಕ್ಕ! ಏನಾಯ್ತೇ? ನೀನಾಗೇ ಫೋನ್ ಮಾಡಿದೀಯಲ್ಲ, ಎಲ್ಲ ಸರಿ ಇದೆ ತಾನೆ?”

“ಏನೂ ಆಗಿಲ್ಲ ಕಣೆ” ಎಂದೆ. “ಸುಮ್ಮನೆ ಮಾಡಿದೆ.”